ಐದು ದಿನಕ್ಕೊಂದು ಜಗಳ

ಜೂನ್ 9, 1986. ಬೆಳಿಗ್ಗೆ 172/100

ಡಾಕ್ಟರ್ ಫೆಂಟನ್ ಈ ನೋಟುಪುಸ್ತಕ ಕೊಟ್ಟು, ದಿನಾ ರಕ್ತದೊತ್ತಡ ನೋಡಿ ಬರೆದಿಡು ಎಂದಿದ್ದಾನೆ. ಬರೀ ಅಂಕಿ ಸಾಕಂತೆ. ಮೂವತ್ತೊಂದು ವರ್ಷ ಬೇಸ್‌ಬಾಲ್ ಅಂಪೈರ್ ಆಗಿದ್ದವನಿಗೆ ಬರೀ ಅಂಕಿ ಹೇಳಿ ಸುಮ್ಮನಾಗಲು ಬರುವುದಿಲ್ಲ. ಉಳಿದದ್ದನ್ನೂ ಬರೆಯುತ್ತೇನೆ. ನನ್ನ ಹೆಂಡತಿ ನಡೀನ್ ಇದನ್ನು ಓದಕೂಡದು. ಓದುತ್ತಿದ್ದರೆ, ನಡೀನ್, ನಿನ್ನ ಉಪ್ಪಿಲ್ಲದ ಬೀನ್ಸ್ ಬಹಳ ಚೆನ್ನಾಗಿದೆ.

ವಿಷಯ ಇಷ್ಟು. ಆಗಸ್ಟ್ 28ಕ್ಕೆ ಮೇಲಿನ ಅಂಕಿ 140ರ ಕೆಳಗಿದ್ದರೆ ಫೆಂಟನ್ ಕಾಗದಕ್ಕೆ ಸಹಿ ಹಾಕುತ್ತಾನೆ. ನಾನು ಮತ್ತೆ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಬಂದ ಚೆಂಡು ನೇರಕ್ಕಿದ್ದ ಸ್ಟ್ರೈಕೋ, ಆಚೀಚೆ ಹೋದ ಬಾಲೋ ಎಂದು ತೀರ್ಪು ಕೊಡಬಹುದು. ಇಲ್ಲದಿದ್ದರೆ ಪರವಾನಗಿ ರದ್ದು. ಅರವತ್ತೈದು ದಾಟಿದವರಿಗೆ ಒಮ್ಮೆ ರದ್ದಾದದ್ದನ್ನು ಅಂಪೈರ್ ಸಂಘದವರು ಮತ್ತೆ ಕೊಡುವುದಿಲ್ಲ. ನನಗೀಗ ಅರವತ್ತೇಳು. ಆದ್ದರಿಂದ ಉಪ್ಪು ಬೇಡ, ಬಿಯರ್ ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ಜಗಳ ಬೇಡ.

"ಯಾರ ಹತ್ರನೂ ಬಾಯಿ ಮಾಡ್ಬೇಡ ಓರ್ವಿಲ್," ಎಂದ ಫೆಂಟನ್. ಅವನು ಹೈಸ್ಕೂಲಿನಲ್ಲಿ ಆಡುತ್ತಿದ್ದಾಗ ಒಂದೇ ಮಧ್ಯಾಹ್ನ ಮೂರು ಸಲ ಸ್ಟ್ರೈಕ್ ಕೊಟ್ಟು ಅವನನ್ನು ಔಟ್ ಎಂದಿದ್ದೆ. ಅದನ್ನವನು ಇಂದಿಗೂ ಮರೆತಿಲ್ಲ.

ಜೂನ್ 10. 170/98

ಬೇಸಿಗೆ ಬಂತೆಂದರೆ ನಮ್ಮ ಟಗ್‌ಬೋಟ್ಸ್ ತಂಡದ ಆಟಗಾರರನ್ನು ಊರಿನ ಮನೆಗಳೇ ಹಂಚಿಕೊಂಡು ಇಟ್ಟುಕೊಳ್ಳುವುದು ನಮ್ಮೂರು ಡೆಲ್ವಿನ್‌ನ ಪದ್ಧತಿ. ಇವರೆಲ್ಲ ದೊಡ್ಡ ಲೀಗಿಗೆ ಹೋಗುವ ಮುಂಚೆ ನಮ್ಮಂಥ ಸಣ್ಣ ಊರಲ್ಲಿ ಪಳಗುವವರು, ಹೋಟೆಲಿನಲ್ಲಿರುವಷ್ಟು ಸಂಬಳವಿಲ್ಲ. ಈ ವರ್ಷ ನಡೀನ್ ನನ್ನನ್ನೊಂದು ಮಾತೂ ಕೇಳದೆ ನಮ್ಮ ಹೆಸರು ಬರೆಸಿದ್ದಾಳೆ. ಮನೆಯಲ್ಲಿ ಯಾರಾದರೂ ಇದ್ದರೆ ನಾನು ಗೋಡೆ ನೋಡುತ್ತ ಕೂರುವುದು ತಪ್ಪುತ್ತದಂತೆ.

ಕ್ಷೌರದಂಗಡಿಯ ಮಿಲ್ಟ್ ಆಸ್ಗುಡ್‌ಗೆ ಬಂದವನು ತಟ್ಟೆ ತೊಳೆದಿಡುತ್ತಾನೆ, ಭಾನುವಾರ ಚರ್ಚಿಗೂ ಹೋಗುತ್ತಾನೆ. ನಮಗೆ ಬಂದವನು ರಾಯ್ಸ್ ಟ್ಯಾಗರ್ಟ್. ಪಿಚರ್, ಅಂದರೆ ಐದು ದಿನಕ್ಕೊಮ್ಮೆ ಸರದಿಯ ಮೇಲೆ ಚೆಂಡೆಸೆಯುವವನು. ಟೆಕ್ಸಸ್‌ನವನು, ಆರಡಿ ನಾಲ್ಕಂಗುಲ. ಬಾಗಿಲಲ್ಲೇ ನಿಂತು ಮೂಗೇರಿಸಿ, "ಊರೆಲ್ಲಾ ಮೀನು ನಾರ್ತದಲ್ಲ," ಎಂದ. ನದಿದಂಡೆಯ ಊರು ಮತ್ತೇನು ನಾರಬೇಕು. ನಾನು ಹತ್ತರವರೆಗೆ ಎಣಿಸಿ ಸುಮ್ಮನಾದೆ.

ಜೂನ್ 15. 171/99

ರಾಯ್ಸ್‌ನ ಮೊದಲ ಆಟ. ಬೆಳಿಗ್ಗೆ ನಡೀನ್ ದೋಸೆಯಷ್ಟಗಲದ ಪ್ಯಾನ್‌ಕೇಕ್ ಹುಯ್ದು, ಒಳ್ಳೆಯದಾಗಲಿ ಎಂದಳು. ನಾನೂ ಹಲ್ಲು ಕಚ್ಚಿ ಹಾಗೇ ಅಂದೆ. ಮೂರನೇ ಇನ್ನಿಂಗ್ಸಿಗೆ ಏಳು ರನ್ ಕೊಟ್ಟು ಕೂತ. ನಡುವೆ ನಮ್ಮದೇ ತಂಡದವನ ಕೈಯಿಂದ ಒಂದು ಚೆಂಡು ಜಾರಿದ್ದಕ್ಕೆ, ಸೊಂಟದ ಮೇಲೆ ಕೈಯಿಟ್ಟು ಅವನನ್ನು ಕಳ್ಳನನ್ನು ನೋಡಿದಂತೆ ನೋಡುತ್ತ ನಿಂತ. ಜನ ಕೂಗಿ ಕೂಗಿ ಉಗಿದರು. ನನಗೂ ಉಗಿಯಬೇಕೆನಿಸಿತು.

ಆದರೆ ಎರಡನೇ ಇನ್ನಿಂಗ್ಸಿನಲ್ಲಿ ಒಂದು ಚೆಂಡು ಎಸೆದ. ಬ್ಯಾಟುಗಾರನ ಮೊಣಕಾಲಿನ ಆಚೆ ಹೋಗುತ್ತಿದ್ದದ್ದು, ಏನನ್ನೋ ಮರೆತು ಬಂದವನ ಹಾಗೆ ಕೊನೆಗಳಿಗೆಯಲ್ಲಿ ಒಳಕ್ಕೆ ತಿರುಗಿತು. ಮೂವತ್ತೊಂದು ವರ್ಷದಲ್ಲಿ ಅಂಥದ್ದನ್ನು ನಾನು ಕಂಡಿಲ್ಲ. ಅದು ಇಂಥವನ ಕೈಯಲ್ಲಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಜೂನ್ 20. ಬೆಳಿಗ್ಗೆ 170/98. ಸಂಜೆ 148/90

ತಪ್ಪಾಯಿತು. ಜಗಳವಾಡಿಬಿಟ್ಟೆ.

ಬೆಳಿಗ್ಗೆ ಅವನು ಮಲಗುವ ನೆಲಮಾಳಿಗೆಗೆ ಇಳಿದರೆ, ಮೊಳೆಗೆ ತೂಗುಹಾಕಿದ್ದ ನನ್ನ ಎದೆಕವಚದ ಮೇಲೆ ಅವನ ಒದ್ದೆ ಟವೆಲ್. ಚರ್ಮದ ಕವಚ, ಮೂವತ್ತೊಂದು ವರ್ಷ ಎಣ್ಣೆ ಹಚ್ಚಿ ಕಾಪಾಡಿದ್ದು. ಆದರೂ ಮೆತ್ತಗೇ ಹೇಳಿದೆ. ಅವನು ಕಾಫಿ ಹೀರುತ್ತ, "ಅಂಪೈರ್ ಅಂದ್ರೆ ಏನ್ ಗೊತ್ತಾ ಮುದುಕಾ? ಆಡಕ್ಕೆ ಬರಲ್ಲ, ಹಂಗಂತ ಮೈದಾನ ಬಿಟ್ಟೂ ಹೋಗಲ್ಲ, ಅಂಥೋನು," ಎಂದ.

ಆಮೇಲೆ ನಾನೇನು ಅಂದೆನೋ ಪೂರ್ತಿ ನೆನಪಿಲ್ಲ. ಅವನನ್ನು ಬೆಳೆಸಿದವರು, ಎಸೆಯುವಾಗ ಅವನು ಎಡಗಾಲು ಇಡುವ ರೀತಿ, ಟೆಕ್ಸಸ್ ರಾಜ್ಯ, ಎಲ್ಲವೂ ಬಂದುಹೋಯಿತು. ಅವನೂ ಬಿಡಲಿಲ್ಲ. ನಡೀನ್ ತನ್ನ ಚಹಾ ಎತ್ತಿಕೊಂಡು ಜಗಲಿಗೆ ಹೋಗಿ ಕೂತಳು. ಇಪ್ಪತ್ತು ನಿಮಿಷವಾದ ಮೇಲೆ ಅವನು ಚೀಲ ಹೆಗಲಿಗೇರಿಸಿ ದಢಾರನೆ ಬಾಗಿಲು ಹಾಕಿಕೊಂಡು ಹೋದ. ಹೋಗಿ ಒಂಬತ್ತೂ ಇನ್ನಿಂಗ್ಸ್ ಎಸೆದು, ಹದಿಮೂರು ಜನರನ್ನು ಮೂರು ಮೂರು ಸ್ಟ್ರೈಕಿಗೇ ಸ್ಟ್ರೈಕ್‌ಔಟ್ ಮಾಡಿ ಬಂದ.

ಸಂಜೆಯ ಅಂಕಿ ನಂಬುವ ಹಾಗಿಲ್ಲ. ಯಂತ್ರದ ರಬ್ಬರು ಎಲ್ಲೋ ಸೋರುತ್ತಿರಬೇಕು.

ಜೂನ್ 25. 168/98

ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನೆದುರು ನಿಂತ. ಐದು ದಿನದ ಹಿಂದಿನ ಅದೇ ಅಂಗಿ, ಅದೇ ತೊಳೆಯದ ಕಾಲುಚೀಲ. ಗೆದ್ದ ದಿನ ಏನೇನು ಮಾಡಿದ್ದರೋ ಅದನ್ನೆಲ್ಲ ಮುಂದಿನ ಸರದಿಗೂ ತಪ್ಪದೆ ಮಾಡಿದರೆ ಮತ್ತೆ ಗೆಲ್ಲುತ್ತೇವೆಂಬುದು ಈ ಆಟಗಾರರ ನಂಬಿಕೆ.

"ಹೂಂ, ಶುರು ಮಾಡು," ಎಂದ.

"ಏನನ್ನ?"

"ಬೈಯೋದನ್ನ."

ಡಾಕ್ಟರು ಬೇಡ ಅಂದಿದ್ದಾನೆ, ನನ್ನ ಪರವಾನಗಿಯ ವಿಷಯ ಎಂದು ವಿವರಿಸಿದೆ. "ಅದು ನನ್ ತೊಂದ್ರೆ ಅಲ್ಲ," ಎಂದು ಹೋದ. ಆರು ರನ್ ಕೊಟ್ಟು ಸೋತ.

ಜೂನ್ 27. 169/97

ಕೂದಲು ಕತ್ತರಿಸಿಕೊಳ್ಳಲು ಹೋದರೆ ಮಿಲ್ಟ್ ಕತ್ತರಿ ಕೆಳಗಿಟ್ಟ. ಬೆಂಚಿನ ಮೇಲಿದ್ದ ನಾಲ್ವರೂ ಪತ್ರಿಕೆ ಮಡಿಸಿದರು. ನಡೀನ್ ಬಾಯಿಬಿಟ್ಟಿದ್ದಾಳೆ ಎಂದು ತಿಳಿಯಿತು.

"ನಿನ್ ಆರೋಗ್ಯ ಮುಖ್ಯ ಮಾರಾಯ, ಇಲ್ಲ ಅನ್ನಲ್ಲ," ಎಂದ ಮಿಲ್ಟ್. "ಆದ್ರೆ ಇಪ್ಪತ್ತೆರಡು ವರ್ಷ ಆಯ್ತು ನಾವೊಂದು ಕಪ್ ಗೆದ್ದು."

"ನೀನೇ ಅವನನ್ನ ಹಂದಿ ಅಂದಿದ್ದೆ ಮೊನ್ನೆ."

"ಈಗ್ಲೂ ಅಂತೀನಿ. ಆದ್ರೆ ನಮ್ಮೂರ ಹಂದಿ. ನಿಂಗೆ ಬೈಯೋದೇನು ಹೊಸದಾ? ಮೂವತ್ತು ವರ್ಷ ನಮ್ಮನ್ನೆಲ್ಲಾ ಬಿಟ್ಟಿ ಬೈದಿಲ್ವಾ?"

"ನಾನು ಬೈದಿಲ್ಲ. ತೀರ್ಪು ಕೊಟ್ಟಿದ್ದೀನಿ."

"ಹಾಗಾದ್ರೆ ಅವ್ನಿಗೂ ಒಂದ್ ಹತ್ತು ನಿಮಿಷ ತೀರ್ಪು ಕೊಡು."

ಅರ್ಧ ತಲೆ ಕತ್ತರಿಸಿ, ಒಪ್ಪುವವರೆಗೂ ಉಳಿದರ್ಧ ಕತ್ತರಿಸಲಿಲ್ಲ.

ಜೂನ್ 30. 167/96

ನಡೀನ್ ಮೊಟ್ಟೆ ಬೇಯಿಸುವ ಗಡಿಯಾರವನ್ನು ಮೇಜಿನ ಮೇಲಿಟ್ಟಳು. ಹತ್ತು ನಿಮಿಷ, ಒಂದು ಗಳಿಗೆ ಹೆಚ್ಚಿಲ್ಲ, ಗಂಟೆ ಬಾರಿಸಿದ ಕೂಡಲೇ ಬಾಯಿಗೆ ಬೀಗ. ಊರಿಗಾಗಿ ಒಪ್ಪಿದ್ದೇನೆ, ಬೇರೇನಿಲ್ಲ. ಹನ್ನೊಂದು ಸ್ಟ್ರೈಕ್‌ಔಟ್. ಗೆಲುವು.

ಜುಲೈ 5. 160/94

ಜಗಳ: ಹಾಲು ಕುಡಿದು ಖಾಲಿ ಡಬ್ಬಿಯನ್ನು ಮತ್ತೆ ಫ್ರಿಜ್‌ನಲ್ಲಿಟ್ಟದ್ದು. ಗೆಲುವು.

ಜುಲೈ 10. 154/92

ಜಗಳ: ಟವೆಲ್, ಮತ್ತೆ. ಗೆಲುವು. ಅಂಕಿ ಇಳಿಯುತ್ತಿದೆ. ಉಪ್ಪಿಲ್ಲದ ಬೀನ್ಸಿಗೆ ಶಕ್ತಿಯಿದೆ ಎಂದು ಒಪ್ಪಬೇಕು.

ಜುಲೈ 20. 146/88

ಇವತ್ತು ಮೈದಾನದಲ್ಲಿ ಕಂಡದ್ದನ್ನು ಬರೆಯಲೇಬೇಕು. ಧ್ವನಿವರ್ಧಕದಲ್ಲಿ ರಾಯ್ಸ್‌ನ ಹೆಸರು ಕೂಗಿದ ಕೂಡಲೇ ಎರಡು ಸಾವಿರ ಜನ ಒಟ್ಟಿಗೆ ಛೀಮಾರಿ ಹಾಕಿದರು. ಅವನೇ ಮೊದಲ ಮೂವರನ್ನು ಔಟ್ ಮಾಡಿದಾಗ ಅದೇ ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಟೊಪ್ಪಿ ಎತ್ತಬಾರದೇ? ಎತ್ತಲಿಲ್ಲ. ಮತ್ತೆ ಛೀಮಾರಿ. ಮಿಲ್ಟ್ ಅಂತೂ ಒಂದೇ ಉಸಿರಿನಲ್ಲಿ ಎರಡನ್ನೂ ಮಾಡಿ ಕೆಮ್ಮು ಹತ್ತಿಸಿಕೊಂಡ.

ಆಟ ಮುಗಿದ ಮೇಲೆ ಅಂಚೆ ಕಚೇರಿಯ ಮಾರ್ಗೊ ಚೆಂಡು ಹಿಡಿಯುವ ತನ್ನ ಗ್ಲೌಸ್ ಚಾಚಿ ರುಜು ಕೇಳಿದಳು. ಹಾಕಿದ. ಹೆಸರಿನ ಕೆಳಗೆ "ಇದಕ್ಕಿಂತ ಒಳ್ಳೆಯದು ಕೊಂಡುಕೋ" ಎಂದೂ ಬರೆದ. ಮಾರ್ಗೊ ಅತ್ತೂ ಬಿಟ್ಟಳು, ಆ ಗ್ಲೌಸನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆಯೂ ಇಟ್ಟಳು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿದೆ ಊರಿಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ದಾರಿಯಲ್ಲಿ ಯಾರೋ ಅಪರಿಚಿತ ರಾಯ್ಸ್‌ನನ್ನು ಸೊಕ್ಕಿನ ಕತ್ತೆ ಎಂದ. ನೀನ್ಯಾರು ಹೇಳುವವನು ಎಂದು ಅವನ ಮೇಲೇರಿ ಹೋದೆ. ಬಿಸಿಲಿಗೆ ತಲೆ ಕೆಟ್ಟಿರಬೇಕು.

ಆಗಸ್ಟ್ 4. 136/84

ತೊಂದರೆಯಾಗಿದೆ. ಬೈಯಲು ವಿಷಯ ಸಾಲದು. ಟವೆಲ್, ಹಾಲಿನ ಡಬ್ಬಿ, ಸ್ನಾನದ ಮನೆಯ ಕೂದಲು, ಎಲ್ಲ ಹಳಸಿಹೋಗಿವೆ. ನಿನ್ನೆ ಕೂತು ಯೋಚಿಸಿ, ನಡೀನಳ ಅಡುಗೆ ಬರೆದಿಡುವ ಚೀಟಿಗಳ ಹಿಂದೆ ಆರು ತಪ್ಪು ಬರೆದಿಟ್ಟುಕೊಂಡೆ. ಬೆಳಿಗ್ಗೆ ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಕೈ ಎತ್ತಿದ.

"ಓದ್ತಾ ಇದೀಯ."

"ಇಲ್ಲ."

"ಮೇಜಿನ ಕೆಳಗೆ ಚೀಟಿ ಇಟ್ಕೊಂಡು ಓದ್ತಾ ಇದೀಯ. ನಿಂಗೆ ಸಿಟ್ಟೇ ಬಂದಿಲ್ಲ. ನನ್ ಕೈ ನೋಡು, ಇನ್ನೂ ತಣ್ಣಗಿದೆ." ಗಡಿಯಾರದಲ್ಲಿ ನಾಲ್ಕೇ ನಿಮಿಷ ಉಳಿದಿತ್ತು. ನಾನು ಮುಂದಿನ ಚೀಟಿ ಹುಡುಕುತ್ತಿದ್ದೆ. ಆಗ ಅವನು ನಡೀನಳ ಕಡೆ ತಿರುಗಿ, "ನಿನ್ನೆ ಪೈ ಮಾಡಿದ್ರಲ್ಲ ಮೇಡಂ, ಅದು ರಟ್ಟು ಅಗಿದಂಗಿತ್ತು," ಎಂದ.

ಅಷ್ಟು ಸಾಕಾಯಿತು. ಗಡಿಯಾರ ಬಾರಿಸಿದ ಮೇಲೂ ನಿಲ್ಲಿಸಲಾಗಲಿಲ್ಲ. ಹನ್ನೆರಡು ಸ್ಟ್ರೈಕ್‌ಔಟ್. ಆ ಪೈಯನ್ನು ಅವನು ಎರಡು ಸಲ ಹಾಕಿಸಿಕೊಂಡು ತಿಂದಿದ್ದ ಎಂದು ಸಂಜೆ ನಡೀನ್ ನೆನಪಿಸಿದಳು.

ಆಗಸ್ಟ್ 14. 130/82

ಇವತ್ತಿನ ಜಗಳ ಹಿತ್ತಿಲಲ್ಲಿ. ಮೊಣಕಾಲ ಮಟ್ಟದ ಚೆಂಡು ಸ್ಟ್ರೈಕೋ ಅಲ್ಲವೋ ಎಂದು ಶುರುವಾಯಿತು. ಅಂಪೈರಿಗೆ ಕಾಣುವುದೇ ಬೇರೆ ಎಂದೆ. ಏನು ಕಾಣುತ್ತೆ ತೋರಿಸು ಎಂದ. ನಾನು ಮುಖದ ಜಾಲರಿ, ಎದೆಕವಚ ಹಾಕಿಕೊಂಡು ಟೊಮೆಟೊ ಪಾತಿಯ ಪಕ್ಕ ಕೂತೆ. ಅವನು ನನ್ನ ಹಿಂದೆ ಮಂಡಿಯೂರಿ, ನನ್ನ ಹೆಗಲ ಮೇಲಿಂದ ನೋಡಿದ. ನಡೀನ್ ಪಿಚರ್ ಆದಳು. ನಾಲ್ಕು ಆಲೂಗಡ್ಡೆ ಎಸೆದಳು, ಮೂರು ಸ್ಟ್ರೈಕ್.

"ಓ, ನಿಮ್ಗೆ ತಲೆ ಅಷ್ಟು ಕೆಳಗಿರತ್ತಾ," ಎಂದ ರಾಯ್ಸ್. ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ. ಒಂದು ಕೆಟ್ಟ ಮಾತೂ ಬಂದಿರಲಿಲ್ಲ ಎಂದು ಆಮೇಲೆ ಇಬ್ಬರಿಗೂ ಹೊಳೆದು ಗಾಬರಿಯಾಯಿತು. ಹೊರಡುವಾಗ ಅವನು ನನ್ನ ಟೊಮೆಟೊ ಗಿಡ ತುಳಿದು ಹೋದ. ನಾನು ಗೇಟಿನವರೆಗೂ ಬೈಯುತ್ತ ಹೋದೆ. ಗೆಲುವು.

ಆಗಸ್ಟ್ 22. 129/80

ಹೋದ.

ಬೆಳಿಗ್ಗೆ ಎಂಟಕ್ಕೆ ತಂಡದ ಕಚೇರಿಯಿಂದ ಫೋನು. ದೊಡ್ಡ ಲೀಗಿನವರು ಕರೆದಿದ್ದಾರೆ, ಒಂಬತ್ತರ ಬಸ್ಸು. ಇನ್ನು ಎಂಟು ದಿನಕ್ಕೆ ನಮ್ಮ ಕಪ್ಪಿನ ಆಟಗಳು ಶುರು. ಊರಿನ ಗತಿ ಏನು ಎಂದು ಅವನು ಒಂದು ಮಾತು ಕೇಳಲಿಲ್ಲ. ಚೀಲ ತುಂಬಿಕೊಂಡು ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದವನು ನನ್ನನ್ನು ದಾಟಿಕೊಂಡು ಹೋದ. ನಡೀನ್ ಕೋಳಿ ಸ್ಯಾಂಡ್‌ವಿಚ್ ಕಾಗದದಲ್ಲಿ ಸುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ನೋಡಲೇ ಇಲ್ಲ. ಬಸ್ಸು ಸೇತುವೆಯ ಕಡೆ ತಿರುಗುವವರೆಗೂ ಹಾಗೇ ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಆ ಸ್ಯಾಂಡ್‌ವಿಚ್ ನಾನೇ ತಿಂದೆ.

ಆಗಸ್ಟ್ 24. 148/90

ಸೆಕೆ. ನೆಲಮಾಳಿಗೆ ಗುಡಿಸಬೇಕು, ಅವನ ಟವೆಲ್ ಅಲ್ಲೇ ಬಿದ್ದಿದೆ ಎಂದಳು ನಡೀನ್. ನಾಳೆ ನೋಡೋಣ ಎಂದೆ.

ಆಗಸ್ಟ್ 26. 157/94

ಮಿಲ್ಟ್ ಅಂಗಡಿಯಲ್ಲಿದ್ದ ರಾಯ್ಸ್‌ನ ಫೋಟೊ ಹರಿದು ಎಸೆದನಂತೆ. ಇವತ್ತು ಹೋದಾಗ ಅದು ಅಂಟುಪಟ್ಟಿ ಹಚ್ಚಿಕೊಂಡು ಅದೇ ಜಾಗದಲ್ಲಿತ್ತು. ಗುರುವಾರ ಅವನ ಮೊದಲ ದೊಡ್ಡ ಆಟ, ರೇಡಿಯೋದಲ್ಲಿ ಬರುತ್ತದಂತೆ. "ಕೇಳ್ತೀಯಾ?" ಎಂದೆ. "ಅವ್ನು ಹೊಡೆಸಿಕೊಳ್ಳೋದನ್ನ ಕೇಳಕ್ಕೆ," ಎಂದ. ಅಂಗಡಿಯಲ್ಲಿ ಆರು ಕುರ್ಚಿ ಹೆಚ್ಚಿಗೆ ತಂದು ಹಾಕಿದ್ದ.

ಅಂಕಿ ಏಕೆ ಏರುತ್ತಿದೆಯೋ ತಿಳಿಯದು. ಬೀನ್ಸ್ ಅದೇ, ಉಪ್ಪಿಲ್ಲ. ನಾಡಿದ್ದು ಫೆಂಟನ್.

ಆಗಸ್ಟ್ 28. ಬೆಳಿಗ್ಗೆ 156/92. ಉಳಿದದ್ದು ಕೆಳಗೆ

ನಿಧಾನವಾಗಿ ಬರೆಯುತ್ತೇನೆ.

ಮಧ್ಯಾಹ್ನ ಮೂರಕ್ಕೆ ಫೆಂಟನ್‌ನ ಕೋಣೆ. ತೋಳಿಗೆ ಪಟ್ಟಿ ಸುತ್ತಿ ನೋಡಿದ. 146.

"ಮನೆಯಿಂದ ನಡೆದು ಬಂದಿದೀಯ, ಅದಕ್ಕೆ," ಎಂದ. "ಹತ್ತು ನಿಮಿಷ ಬಾಯಿ ಮುಚ್ಕೊಂಡು ಕೂತ್ಕೊ. ಇಳಿಯುತ್ತೆ. ಇಳಿದ್ರೆ ಸಹಿ. ನಾಲ್ಕು ಗಂಟೆಗೆ ಕಾಗದ ಅಂಚೆಗೆ ಹೋಗ್ಬೇಕು, ಇವತ್ತೇ ಕೊನೆ." ಪಟ್ಟಿ ಬಿಚ್ಚಲಿಲ್ಲ. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ, ಸೆಪ್ಟೆಂಬರಿನ ಮೊದಲ ಶನಿವಾರ, ಸುಣ್ಣದ ಗೆರೆ, ನನ್ನ ಜಾಲರಿ, ಇದನ್ನೇ ನೆನೆಯುತ್ತಿದ್ದೆ. ಏಳು ನಿಮಿಷ ಕಳೆದಿತ್ತು. ಗೋಡೆಯ ಫೋನು ಬಡಿದುಕೊಂಡಿತು.

ಫೆಂಟನ್ ಎತ್ತಿದ, ಕೇಳಿದ, ನನ್ನ ಕಡೆ ನೋಡಿದ. "ರಾಯ್ಸ್ ಟ್ಯಾಗರ್ಟ್. ನಡೀನ್ ನಂಬರ್ ಕೊಟ್ಟಳಂತೆ."



"ಡಾಕ್ಟರಾಗಿ ಹೇಳ್ತೀನಿ, ಮಾತಾಡ್ಬೇಡ," ಎಂದ ಫೆಂಟನ್. ಮತ್ತೆ ಗಡಿಯಾರ ನೋಡಿ, "ಆಟ ಎಷ್ಟು ಗಂಟೆಗೆ?" ಎಂದ.

"ಏಳಕ್ಕೆ."

ಅವನು ಫೋನನ್ನು ಇಟ್ಟುಬಿಡಲಿಲ್ಲ, ನನಗೆ ಕೊಡಲೂ ಇಲ್ಲ. ನಾನೇ ಕೈ ಚಾಚಿ ತೆಗೆದುಕೊಂಡೆ.

"ಮುದುಕಾ," ಎಂದ ರಾಯ್ಸ್. "ಇಲ್ಲಿ ಎಲ್ಲಾರೂ ನನ್ ಹತ್ರ ಒಳ್ಳೇವ್ರಾಗವ್ರೆ. ಹೋಟ್ಲಿನವ್ನು ಸರ್ ಅಂತಾನೆ. ಯಾರೂ ಒಂದ್ ಮಾತು ಅನ್ನಲ್ಲ. ಕೈ ಐಸ್ ಆಗೋಗದೆ." ಅವನ ದನಿ ಹಾಗಿದ್ದದ್ದನ್ನು ನಾನು ಕೇಳಿರಲಿಲ್ಲ. "ಹೂಂ, ಶುರು ಮಾಡು."

ಎದುರಿಗೆ ಫೆಂಟನ್ ಪೆನ್ನು ಹಿಡಿದು ನಿಂತಿದ್ದ. "ರಾಯ್ಸ್, ನಾನು ಡಾಕ್ಟರ ಹತ್ರ ಇದೀನಿ," ಎಂದೆ ಮೆಲ್ಲಗೆ. "ಪಟ್ಟಿ ಕಟ್ಟಿದ್ದಾರೆ. ಈಗ ಕೂಗಿದ್ರೆ ನನ್ನ ಪರವಾನಗಿ ಹೋಗುತ್ತೆ."

ಆ ಕಡೆಯಿಂದ, "ಅದು ನನ್ ತೊಂದ್ರೆ ಅಲ್ಲ," ಎಂದ.

ಎದ್ದೆ. ಪಟ್ಟಿಯ ರಬ್ಬರು ನಳಿಗೆ ಮೇಜಿನ ಮೇಲಿನ ಬಾಟಲಿಯನ್ನು ಎಳೆದು ಬೀಳಿಸಿತು. "ಹೌದೇನೋ," ಎಂದೆ. "ಯಾವುದು ನಿನ್ನ ತೊಂದರೆ ಹೇಳು. ಎಪ್ಪತ್ತು ದಿನ ನಿನ್ನ ಕಾಲುಚೀಲದ ನಾತ ಸಹಿಸಿಕೊಂಡವಳು ಬಾಗಿಲಲ್ಲಿ ಸ್ಯಾಂಡ್‌ವಿಚ್ ಹಿಡ್ಕೊಂಡು ನಿಂತಿದ್ದಳು. ನಿನ್ನ ಕೈ ಅಷ್ಟು ದೊಡ್ಡದಾಗೋಯ್ತಾ, ಒಂದು ಸ್ಯಾಂಡ್‌ವಿಚ್ ಹಿಡಿಯಕ್ಕೆ ಆಗ್ಲಿಲ್ವಾ? ಬಸ್ಸು ಸೇತುವೆ ದಾಟೋವರೆಗೂ ನಿಂತಿದ್ದಳು ಕಣೋ. ಹಿಂತಿರುಗಿ ನೋಡಿದ್ದಿದ್ರೆ ಕತ್ತು ಮುರೀತಿತ್ತಾ?" ಅಲ್ಲಿಂದ ಟೊಮೆಟೊ ಗಿಡ, ಟವೆಲ್, ಮಾರ್ಗೊಳ ಗ್ಲೌಸ್. ಚೀಟಿ ಬೇಕಾಗಲಿಲ್ಲ. ಹೊರಗೆ ಕಾಯುತ್ತಿದ್ದವರು ಬಾಗಿಲು ತೆರೆದು ನೋಡಿದರು. ಅವನೂ ಬಿಡಲಿಲ್ಲ, ನನ್ನನ್ನು ಕುರುಡ ಎಂದ, ಡೆಲ್ವಿನ್ ಇನ್ನೂ ತನ್ನ ಅಂಗಿಯಲ್ಲಿ ನಾರುತ್ತಿದೆ ಎಂದ. ಅವನ ದನಿ ಹಳೆಯದಕ್ಕೆ ಬಂದಿತ್ತು.

"ಸಾಕು," ಎಂದ ಕೊನೆಗೆ. "ಬೆಚ್ಚಗಾಯ್ತು." ಫೋನಿಟ್ಟ.

ಫೆಂಟನ್ ಬಾಟಲಿ ಎತ್ತಿಟ್ಟು ರಬ್ಬರು ಒತ್ತಿದ. 186/106. ಐದು ನಿಮಿಷ ಬಿಟ್ಟು ಮತ್ತೆ ನೋಡಿದ. 178. ನಾಲ್ಕಾಗಲು ಹತ್ತು ನಿಮಿಷವಿತ್ತು. ಕಾಗದದ ಮೇಲೆ "ಅನರ್ಹ" ಎಂದು ಬರೆದು, ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

"ಹಳೇ ಸೇಡು ಅಂದ್ಕೋಬೇಡ ಓರ್ವಿಲ್."

"ಇಲ್ಲ," ಎಂದೆ. "ಆದ್ರೆ ಹೈಸ್ಕೂಲಲ್ಲಿ ನಾನ್ ಕೊಟ್ಟ ಆ ಮೂರೂ ಸ್ಟ್ರೈಕೇ."

ಮನೆಗೆ ಬಂದು ನಡೀನ್‌ಗೆ ಹೇಳಿದೆ. ನಂಬರು ಕೊಟ್ಟದ್ದು ತಪ್ಪಾಯಿತು ಎಂದು ಅವಳು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ತಪ್ಪಲ್ಲ ಎಂದೆ. ದುಃಖವಾಗಿಲ್ಲ ಎಂದರೆ ಸುಳ್ಳಾದೀತು. ಮೂವತ್ತೊಂದು ವರ್ಷ. ಊಟ ಸೇರಲಿಲ್ಲ. ಏಳಕ್ಕೆ ಮಿಲ್ಟ್‌ನ ಅಂಗಡಿಗೆ ಹೋದೆವು. ಕುರ್ಚಿ ಸಾಲದೆ ಜನ ಬಾಗಿಲ ಹೊರಗೂ ನಿಂತಿದ್ದರು. ರೇಡಿಯೋದಲ್ಲಿ ಅವನ ಹೆಸರು ಬಂದ ಕೂಡಲೇ ಎಲ್ಲರೂ ವಾಡಿಕೆಯಂತೆ ಛೀಮಾರಿ ಹಾಕಿದೆವು. ಎಂಟು ಇನ್ನಿಂಗ್ಸ್, ಹನ್ನೊಂದು ಸ್ಟ್ರೈಕ್‌ಔಟ್, ಒಂದೇ ರನ್. ಎಂಟನೆಯದರಲ್ಲಿ ಮೊಣಕಾಲ ಮಟ್ಟದಲ್ಲಿ ಮೂರು ಚೆಂಡು ಎಸೆದ, ಮೂರನ್ನೂ ಅಂಪೈರ್ ಸ್ಟ್ರೈಕ್ ಎಂದ. ಅಂಪೈರನ ತಲೆ ಎಷ್ಟು ಕೆಳಗಿರುತ್ತದೆ ಎಂದು ರಾಯ್ಸ್‌ಗೆ ಗೊತ್ತಿತ್ತು.

ಆಟ ಮುಗಿದ ಮೇಲೆ ರೇಡಿಯೋದವನು, ಈ ಗೆಲುವಿಗೆ ಯಾರಿಗೆ ಕೃತಜ್ಞತೆ ಹೇಳುತ್ತೀರಿ ಎಂದು ಕೇಳಿದ. ಮಿಲ್ಟ್ ರೇಡಿಯೋದ ದನಿ ಏರಿಸಿದ. ನಡೀನ್ ನನ್ನ ಕೈ ಹಿಡಿದುಕೊಂಡಳು.

"ಎಸೆದೋನು ನಾನು," ಎಂದ ರಾಯ್ಸ್. "ಬೇರೆಯವ್ರಿಗೆ ಯಾಕ್ ಹೇಳ್ಲಿ?"

ಮಿಲ್ಟ್ ಬಾಚಣಿಗೆ ತೆಗೆದು ರೇಡಿಯೋಗೆ ಎಸೆದ. ನಡೀನ್ ಬಾಯಿಂದ ನಾನೆಂದೂ ಕೇಳದ ಒಂದು ಮಾತು ಬಂತು. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕುರ್ಚಿಯಿಂದ ಜಾರುವಷ್ಟು ನಕ್ಕೆ.

ಮನೆಗೆ ಬಂದ ಮೇಲೆ ನಡೀನ್ ಸುಮ್ಮನೆ ಅಭ್ಯಾಸಕ್ಕೆ ಪಟ್ಟಿ ಸುತ್ತಿದಳು. 126/80. ಇನ್ನು ಈ ಅಂಕಿ ಯಾರಿಗೂ ಬೇಕಾಗಿಲ್ಲ. ಆದರೂ ಬರೆದಿದ್ದೇನೆ. ಬೀನ್ಸ್ ತಡವಾಗಿ ಕೆಲಸ ಮಾಡುತ್ತದೆ ಎಂದು ಕಾಣುತ್ತದೆ.

ಜಾಲರಿಯನ್ನು ಮೊಳೆಗೆ ತೂಗುಹಾಕಲು ನೆಲಮಾಳಿಗೆಗೆ ಇಳಿದೆ. ಎದೆಕವಚದ ಮೇಲೆ ಅವನ ಟವೆಲ್ ಒಣಗಿ ಹಪ್ಪಳವಾಗಿ, ಚರ್ಮಕ್ಕೆ ಬಿಳಿ ಕಲೆ ಹತ್ತಿಸಿ ಕೂತಿತ್ತು. ನೋಡುತ್ತಿದ್ದಂತೆ ಮೈಯೆಲ್ಲ ಉರಿದುಹೋಯಿತು. ತೆಗೆಯಲು ಕೈ ಹಾಕಿದವನು ಬಿಟ್ಟೆ. ನಡೀನ್‌ಗೂ ಮುಟ್ಟಬೇಡ ಎಂದು ಹೇಳಿದ್ದೇನೆ. ಸೆಪ್ಟೆಂಬರ್ ಎರಡಕ್ಕೆ ಮತ್ತೆ ಅವನ ಸರದಿ.